ಕಾಲ್ಗುಣದ ರೇಡಿಯೋ

ಹಲಸೂರಿನ ಮುನಿಆಂಜನಪ್ಪನವರು ಒಳ್ಳೆಯ ಮನುಷ್ಯರು. ಕೈಗೆ ಸ್ಕ್ರೂಡ್ರೈವರ್ ಸಿಗದಿದ್ದ ದಿನ ಇನ್ನೂ ಒಳ್ಳೆಯವರು. ಮನೆಗೆ ಕರೆಂಟು ಬಂದ ಹೊಸದರಲ್ಲಿ ಅವರು ತಲೆಬಾಗಿಲಿಗೆ ಕರೆಗಂಟೆ ಕೂರಿಸಿದ್ದರು. ಗುಂಡಿ ಒತ್ತಿದರೆ ಗಂಟೆ ಬಡಿಯುತ್ತಿರಲಿಲ್ಲ, ಅಡುಗೆಮನೆಯ ದೀಪ ಆರುತ್ತಿತ್ತು. "ಯಾರೋ ಬಂದವ್ರೆ ಅಂತ ಗೊತ್ತಾಯ್ತಲ್ಲ, ಇನ್ನೇನು ಬೇಕು?" ಎಂದು ಅವರು ವಾದಿಸಿದ್ದರು.

ಯುದ್ಧ ಮುಗಿದು ಬಿಳಿಯ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ದಂಡು ಪ್ರದೇಶದ ಬಂಗಲೆಗಳಿಗೆ ತರಕಾರಿ ಹಾಕುತ್ತಿದ್ದ ಮುನಿಆಂಜನಪ್ಪನವರಿಗೆ ಊರಿಗೆ ಹೊರಟ ಒಬ್ಬ ಮೇಜರ್ ದೊರೆಯ ಹಳೆಯ ಕಾರು ದಕ್ಕಿತ್ತು. ಕಾರಿನೊಳಗೆ ರೇಡಿಯೋ ಕೂಡ ಇತ್ತು. ಮುನಿಆಂಜನಪ್ಪನವರ ಹೆಂಡತಿ, ಮನೆಯ ಹೊಸ ಸೊಸೆ ಅಕ್ಕಯಮ್ಮ ಮೊದಲ ಸಲ ಆ ಕಾರು ಹತ್ತಿದ ದಿನವೇ ರೇಡಿಯೋ ಗೊರಗೊರ ಎಂದು, ಒಂದಿಷ್ಟು ಹೊಗೆ ಉಗುಳಿ, ಇಹಲೋಕದ ವ್ಯಾಪಾರ ಮುಗಿಸಿತು.

"ನಾನ್ ಹೇಳ್ಲಿಲ್ವಾ? ಎಲ್ಲಾ ಇವಳ ಕಾಲ್ಗುಣ!" ಎಂದರು ಅತ್ತೆ ಪಟಾಲಮ್ಮ.

ಹಸುವಿನ ಹಾಲು ಬತ್ತಿದ್ದು, ಬಾವಿಯ ರಾಟೆ ಮುರಿದದ್ದು, ಪಟಾಲಮ್ಮನವರ ಹಲ್ಲು ಅಲುಗಾಡತೊಡಗಿದ್ದು, ಎಲ್ಲವನ್ನೂ ಅವರು ಮೊದಲೇ ಆ ಪಾದಗಳ ತಲೆಗೆ ಕಟ್ಟಿದ್ದರು. (ಪಾದಗಳಿಗೆ ತಲೆ ಎಲ್ಲಿಂದ ಬಂತು ಎಂದು ಪಟಾಲಮ್ಮನವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.) ಇನ್ನು ಮುಂದೆ ಸೊಸೆ ಕಾರು ಹತ್ತಕೂಡದೆಂದು ಅಪ್ಪಣೆಯಾಯಿತು.

ಅಷ್ಟರಲ್ಲಿ ಕೃಷ್ಣರಾಜಪುರದಲ್ಲಿ ಅಕ್ಕಯಮ್ಮನ ತಂಗಿಯ ಮದುವೆ ಗೊತ್ತಾಯಿತು. "ನಾನೂ ನೀನೂ ಕಾರಲ್ಲಿ ಹೋಗಾನ. ಅವಳು ಹಿಂದೆ ಜಟಕಾದಾಗ ಬರ್ಲಿ" ಎಂದು ಪಟಾಲಮ್ಮ ಮಗನಿಗೆ ಹೇಳಿದರು.

ಅಕ್ಕಯಮ್ಮ ಗಂಡನನ್ನು ಪಕ್ಕಕ್ಕೆ ಕರೆದಳು. "ರೀ, ನಮ್ಮೂರ ಜನದ ಮುಂದೆ ನಾನು ಜಟಕಾದಿಂದ ಇಳಿದ್ರೆ ನನ್ ಮುಖ ಎಲ್ಲಿಟ್ಕೊಳ್ಳಿ? ಬೇರೆ ರೇಡಿಯೋ ತನ್ನಿ. ಅದು ಹಾಡಿದ್ರೆ ಅತ್ತೆ ಬಾಯಿ ಮುಚ್ತದೆ. ಆದ್ರೆ ಬಲ್ಲೋರ ಕೈಲಿ ಹಾಕ್ಸಿ. ನೀವು ಕೈ ಹಾಕ್ಬೇಡಿ."

ಮುನಿಆಂಜನಪ್ಪನವರು ಮೊದಲರ್ಧವನ್ನು ಶ್ರದ್ಧೆಯಿಂದ ಪಾಲಿಸಿದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗುಜರಿಯಲ್ಲಿ ಮಂಜೂರ್ ಎಂಬಾತ ಮಿಲಿಟರಿ ಗಾಡಿಯಿಂದ ಬಿಚ್ಚಿದ ರೇಡಿಯೋ ಒಂದನ್ನು ಕೊಟ್ಟು, "ನಾನೇ ಬಂದು ಕನೆಕ್ಷನ್ ಕೊಡ್ತೀನಿ ಸಾಬ್" ಎಂದ. "ಎರಡು ವೈರು ಸುತ್ತಕ್ಕೆ ನೀನ್ಯಾಕಪ್ಪ?" ಎಂದು ಇವರು ರೇಡಿಯೋವನ್ನು ಕಂಕುಳಲ್ಲಿಟ್ಟುಕೊಂಡು ಬಂದರು.

ಪಟಾಲಮ್ಮ ಮರ್ಫಿ ಟೌನಿನ ನೆಂಟರ ಮನೆಗೆ ಹೋದ ಮಧ್ಯಾಹ್ನ ಆ ಮಹಾಯಜ್ಞ ಆರಂಭವಾಯಿತು. ಸ್ಟೀರಿಂಗಿನ ಕೆಳಗೆ ವೈರುಗಳ ಗೊಂಚಲೇ ಇತ್ತು. ಹುಟ್ಟಿದಾಗ ಯಾವ ಯಾವ ಬಣ್ಣವಿತ್ತೋ, ಈಗ ಎಲ್ಲವೂ ಒಂದೇ ಕಪ್ಪು. ಮುನಿಆಂಜನಪ್ಪನವರು ಕಾರಿನೊಳಗೆ ಅಂಗಾತ ಮಲಗಿ, ಕಾಲುಗಳನ್ನು ಬಾಗಿಲಿನಾಚೆ ಬೀದಿಗೆ ಬಿಟ್ಟು, ಒಂದು ಸಣ್ಣ ಬಲ್ಬು ಹಿಡಿದು ಯಾವ ವೈರಿನಲ್ಲಿ ಕರೆಂಟಿದೆಯೆಂದು ಹುಡುಕತೊಡಗಿದರು. ಟಾರ್ಚು ಹಿಡಿಯಲು ಅಕ್ಕಯಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದ್ದರು. ಸವೆದು ನುಣ್ಣಗಾಗಿದ್ದ ಆ ಸೀಟಿನಿಂದ ಜಾರದಿರಲೆಂದು ಆಕೆ ಕೆಳಗಿದ್ದ ಒಂದು ಪೆಡಲಿನ ಮೇಲೆ ಕಾಲೊತ್ತಿ ಕುಳಿತಿದ್ದಳು.

ಒಂದು ವೈರಿಗೆ ತಾಗಿಸಿದೊಡನೆ ಬಲ್ಬು ಉರಿಯಿತು. "ಸಿಕ್ತು! ಕೀಲಿ ಹಾಕ್ದೆನೇ ಕರೆಂಟು!" ಎಂದು ಅರಚಿ, ರೇಡಿಯೋದ ವೈರನ್ನು ಅದಕ್ಕೇ ಸುತ್ತಿದರು. ರೇಡಿಯೋದೊಳಗಿನ ವಾಲ್ವುಗಳು ಕಾದು ಬಿಸಿಯಾಗುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದರು. ಆಮೇಲೆ ಕಾರಿನ ಹೊಟ್ಟೆಯಿಂದ ಹರಿಕಥೆ ಹೊರಟಿತು.

ಅದೇ ಹೊತ್ತಿಗೆ ಪಟಾಲಮ್ಮ ಬಂದರು. "ಅಯ್ಯೋ, ಇವಳನ್ಯಾಕೋ ಕೂರಿಸ್ದೆ? ಇಳಿಯೇ ಕೆಳಗೆ!"

ಅಕ್ಕಯಮ್ಮ ಇಳಿದಳು. ಹರಿಕಥೆ ನಿಂತಿತು.

"ನೋಡ್ದಾ, ಇದನ್ನೂ ಸಾಯಿಸಿದ್ಲು!" ಎನ್ನುತ್ತ ಪಟಾಲಮ್ಮ ತಾವೇ ಹತ್ತಿ, ಜಗುಲಿಯ ಮೇಲೆ ಕೂರುವಂತೆ ಚಕ್ಕಳಮಕ್ಕಳ ಹಾಕಿ ಕುಳಿತರು. ರೇಡಿಯೋ ಮಾತಾಡಲಿಲ್ಲ. ಮುನಿಆಂಜನಪ್ಪನವರು ಬಾಗಿಲ ಕಡೆಗೆ ಕಾಲು ಚಾಚಿ ಕುಳಿತು ಡಬ್ಬಿಯನ್ನು ತಟ್ಟಿದರು, ಗುದ್ದಿದರು. ಊಹೂಂ. ಪಟಾಲಮ್ಮ ಬೇಸತ್ತು ಇಳಿದರು. "ಬಿದ್ದಿರೋ ಟಾರ್ಚ್ ತಗೋತೀನಿ" ಎಂದು ಅಕ್ಕಯಮ್ಮ ಮತ್ತೆ ಹತ್ತಿ ಕುಳಿತಳು. ಸ್ವಲ್ಪ ಹೊತ್ತಿಗೆ ಹರಿಕಥೆ ಶುರುವಾಯಿತು. ಇಳಿಸಿದರು, ನಿಂತಿತು. ಹತ್ತಿಸಿದರು, ಹಾಡಿತು.

ಪಕ್ಕದ ಮನೆಯ ಮೆಹರುನ್ನೀಸಾ ಗೋಡೆಯಾಚೆಯಿಂದ ನೋಡುತ್ತಿದ್ದವರು, "ಅಮ್ಮಾ, ನಿಮ್ ಬಹೂ ಕಾಲಲ್ಲಿ ಬಹುತ್ ಬರ್ಕತ್ ಐತೆ" ಎಂದರು.

ಪಟಾಲಮ್ಮ ದಂಗಾಗಿ ನಿಂತರು. ಆಮೇಲೆ ಒಳಗೆ ಓಡಿ ಉಪ್ಪು ಮೆಣಸಿನಕಾಯಿ ತಂದು ಸೊಸೆಗೆ ದೃಷ್ಟಿ ತೆಗೆದರು. "ನಿನ್ ಕಾಲ್ಗುಣದಿಂದಲೇ ಇದು ಹಾಡ್ತಿರೋದು ಕಣಮ್ಮ. ಮದುವೇಗೆ ನೀನೇ ಮುಂದಿನ ಸೀಟಲ್ಲಿ ಕೂತ್ಕೋಬೇಕು." ಹಲ್ಲು ಕೂಡ ಅಷ್ಟೇನೂ ಅಲುಗಾಡುತ್ತಿಲ್ಲ ಎಂದು ಸೇರಿಸಿದರು.

ಮದುವೆಯ ದಿನ ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ರೇಡಿಯೋ ತುಟಿ ಬಿಚ್ಚಲಿಲ್ಲ. ಕೃಷ್ಣರಾಜಪುರ ಸಮೀಪಿಸಿದಾಗ ರೈಲ್ವೆ ಗೇಟು ಹಾಕಿತ್ತು. ಇಳಿಜಾರಿನಲ್ಲಿ ಕಾರು ಜಾರದಿರಲೆಂದು ಮುನಿಆಂಜನಪ್ಪನವರು ಬ್ರೇಕ್ ಒತ್ತಿ ಹಿಡಿದರು. ರೇಡಿಯೋ ಹಾಡಿತು. ಹಿಂದಿನ ಸೀಟಿನಲ್ಲಿದ್ದ ಪಟಾಲಮ್ಮ ಸೊಸೆಯ ತವರಿನ ದಿಕ್ಕಿಗೆ ಕೈ ಮುಗಿದರು. ಗೇಟು ತೆರೆಯಿತು, ಬ್ರೇಕಿನಿಂದ ಕಾಲು ತೆಗೆದರು, ಹಾಡು ಕಡಿಯಿತು. ಅಲ್ಲಿಗೆ ಮುನಿಆಂಜನಪ್ಪನವರಿಗೆ ಜ್ಞಾನೋದಯವಾಯಿತು. ತಾವು ವೈರು ಸುತ್ತಿದ್ದು ಬ್ರೇಕಿನ ದೀಪಕ್ಕೆ! ಬ್ರೇಕ್ ಒತ್ತಿದರೆ ಮಾತ್ರ ಕರೆಂಟು!

"ಈಗ ಗೊತ್ತಾಯ್ತಾ?" ಎಂದಳು ಅಕ್ಕಯಮ್ಮ ಮೆಲ್ಲಗೆ, ಕಿಟಕಿಯಾಚೆ ನೋಡುತ್ತ. "ನಂಗೆ ಅವತ್ತೇ ಗೊತ್ತಾಯ್ತು. ಬಾಯಿ ಬಿಟ್ರೆ ನೋಡಿ ಮತ್ತೆ!"

ಅವರು ಬಾಯಿ ಬಿಡುತ್ತಲೂ ಇರಲಿಲ್ಲವೇನೋ. ಆದರೆ ಮದುವೆಯ ಊಟ ಮುಗಿದ ಮೇಲೆ ಪಟಾಲಮ್ಮ ಸೊಸೆಯನ್ನು ಡ್ರೈವರ್ ಸೀಟಿನಲ್ಲಿ ಪ್ರತಿಷ್ಠಾಪಿಸಿ ಬೀಗರಿಗೆಲ್ಲ ರೇಡಿಯೋ ಕೇಳಿಸಿದರು. ಒಂದು ಕಛೇರಿ ಮುಗಿದು ಇನ್ನೊಂದು ಶುರುವಾಯಿತು. ಮದುವೆಯ ವಾಲಗದವರೂ ಚಪ್ಪರ ಬಿಟ್ಟು ಕಾರಿನ ಸುತ್ತ ಬಂದು ಕುಳಿತರು. ಮಾವನವರು ಎಲೆಯಡಿಕೆ ಮೆಲ್ಲುತ್ತ, "ನಮ್ಮ ಅಳಿಯಂದ್ರು ವೈರು ಸುತ್ತಿದ್ದು ಸುಮ್ನೆ. ಹಾಡ್ಸಿದ್ದು ನಮ್ಮ ಹುಡುಗಿ ಕಾಲ್ಗುಣ" ಎಂದುಬಿಟ್ಟರು.

ಸುಮ್ಮನೆ! ಅಂಗಾತ ಮಲಗಿ ಬೆನ್ನು ಮುರಿದುಕೊಂಡವರಿಗೆ ಈ ಮಾತು! ಮುನಿಆಂಜನಪ್ಪನವರ ಅಭಿಮಾನಕ್ಕೆ ಕಿಚ್ಚು ಹತ್ತಿತು.

"ಕಾಲ್ಗುಣಾನೂ ಇಲ್ಲ, ಮಣ್ಣೂ ಇಲ್ಲ! ಅವಳು ಬ್ರೇಕ್ ತುಳೀತಾವ್ಳೆ! ನಾನು ಬ್ರೇಕಿನ ವೈರಿಗೆ ಸುತ್ತಿದ್ದೀನಿ! ಯಾರು ತುಳಿದ್ರೂ ಹಾಡ್ತದೆ!"

ಎಲ್ಲರೂ ಅವರನ್ನೇ ನೋಡಿದರು. ಅಕ್ಕಯಮ್ಮನ ಕಣ್ಣಲ್ಲಿ ನೀರು ತುಂಬಿತು. ಪಟಾಲಮ್ಮ ಗಲ್ಲಕ್ಕೆ ಕೈ ಹಚ್ಚಿ ಹೇಳಿದರು: "ನೋಡಿದ್ರಾ? ಕಟ್ಕೊಂಡೋಳಿಗೆ ಒಂದು ಒಳ್ಳೇ ಹೆಸರು ಬಂದ್ರೆ ನನ್ ಮಗನಿಗೇ ಸಹಿಸಕ್ಕಾಗ್ತಿಲ್ಲ."

"ಹಂಗಾದ್ರೆ ತೋರಿಸ್ತೀನಿ, ನೋಡಿ!"

ಅಕ್ಕಯಮ್ಮನನ್ನು ಇಳಿಸಿ, ತಾವು ಹತ್ತಿ, ಮೈಯ ಬಲವನ್ನೆಲ್ಲ ಕಾಲಿಗಿಳಿಸಿ ಬ್ರೇಕ್ ತುಳಿದರು. ಜನ ಕಾದರು. ವಾಲ್ವು ಕಾಯುವಷ್ಟು ಕಾದರು, ಅನ್ನ ಬೇಯುವಷ್ಟು ಕಾದರು. ರೇಡಿಯೋ ಕ್ಷೀಣವಾಗಿ ಗುಂಯ್ ಎಂದು ಸುಮ್ಮನಾಯಿತು. ಎಂಜಿನ್ ಆರಿಸಿದ ಕಾರಿನಲ್ಲಿ ಅಷ್ಟು ಹೊತ್ತಿನ ಕಛೇರಿ ಬ್ಯಾಟರಿಯ ಕೊನೆಯ ತೊಟ್ಟನ್ನೂ ಹೀರಿತ್ತು. ಗಾಬರಿಯಿಂದ ಎಂಜಿನ್ ಹೊತ್ತಿಸುವ ಸೆಲ್ಫ್ ಎಳೆದರು. ಅದೂ ಟಿಕ್ ಎಂದಿತು, ಅಷ್ಟೇ.

"ಇಳಿಯೋ ಕೆಳಗೆ!" ಎಂದು ಪಟಾಲಮ್ಮ ಕೂಗಿದರು. "ಇವನು ತುಳಿದಿದ್ದೇ ತಡ, ಗಾಡೀನೂ ಸತ್ತೋಯ್ತು! ನಾನು ಪಾಪ, ಇಷ್ಟು ದಿನ ಆ ಹೆಣ್ಣಿನ ಕಾಲನ್ನ ಬೈಕೊಂಡು ಕೂತಿದ್ದೆ!"

ಕೊನೆಗೆ ಕಾರು ತಳ್ಳುವುದೆಂದಾಯಿತು. ಲಾರಿ ಓಡಿಸುತ್ತಿದ್ದ ಅಕ್ಕಯಮ್ಮನ ಅಣ್ಣ ಸ್ಟೀರಿಂಗ್ ಹಿಡಿದ. ಅಕ್ಕಯಮ್ಮ ದೂರ ಸರಿದು ನಿಲ್ಲಹೋದರೆ ಅತ್ತೆ ಬಿಡಲಿಲ್ಲ, "ನೀನಿದ್ರೇನೇ ಅದು ಹೊರಡೋದು" ಎಂದು ತಾವೂ ಕಾರು ಹತ್ತಿ ಪಕ್ಕದಲ್ಲೇ ಕೂರಿಸಿಕೊಂಡರು. ಹಿಂದಿನಿಂದ ರೇಷ್ಮೆ ಪಂಚೆ ಎತ್ತಿ ಕಟ್ಟಿದ ಮುನಿಆಂಜನಪ್ಪನವರೂ, ಊಟ ಅರಗದ ನಾಲ್ಕಾರು ಬೀಗರೂ ಭುಜ ಕೊಟ್ಟರು. ದಾರಿಯ ಒಂದೆರಡು ಹೊಂಡಗಳನ್ನು ದಾಟಿದ ಮೇಲೆ ಕಾರು ಕೆಮ್ಮಿ, ಗುಡುಗಿ, ಓಡತೊಡಗಿತು.

"ಏ, ನಿಲ್ಸಿ! ನಾನು ಹತ್ತಬೇಕು!" ಎಂದು ಮುನಿಆಂಜನಪ್ಪನವರು ಹಿಂದೆ ಓಡಿದರು.

ಕಾರಿನ ಕಿಟಕಿಯಿಂದ ತಾಯಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ನಿಲ್ಲಿಸ್ಬೇಡ ಕಣಪ್ಪಾ, ನಿಲ್ಲಿಸ್ಬೇಡ! ಅವನು ಕಾಲಿಟ್ರೆ ಮತ್ತೆ ಕೆಟ್ಟೋಗ್ತದೆ!"