ಕೊಕ್ಕರೆ ಚಿತ್ರದ ಮೂಲಪತ್ರ

ಊರಿಗೆಲ್ಲ ಬುದ್ಧಿ ಹೇಳುವವನೇ ಹಳ್ಳಕ್ಕೆ ಬೀಳುವುದು ಹೊಸದಲ್ಲ, ಆಗುತ್ತಲೇ ಇರುತ್ತದೆ. ನಾನು ಬೀಳಲಿಲ್ಲ, ಗೆಳೆಯನನ್ನು ಬೀಳಿಸಿದೆ. ಬೇಸರ ಅದಕ್ಕೆ.

ಮಳವಳ್ಳಿಯಲ್ಲಿ ನಲವತ್ತು ವರ್ಷ ಜಮೀನಿನ ಕ್ರಯಪತ್ರ ಬರೆದೆ. ಮೂಲಪತ್ರ ನೋಡದೆ ಯಾರಿಗೂ ಒಂದು ಗುಂಟೆ ಕೊಳ್ಳಲು ಬಿಟ್ಟವನಲ್ಲ.

೧. ಗೋಮಾಳ

ಗೆಳೆಯ ಮದ್ದೂರಿನಲ್ಲಿ ಮೇಷ್ಟ್ರಾಗಿದ್ದವನು. ಒಂದು ದಿನ ಬಂದು ಫೋನು ಮುಂದೆ ಹಿಡಿದ. ಕಪ್ಪು ಕನ್ನಡಕ ಹಾಕಿದ ಕೊಕ್ಕರೆ.

"ಎನ್‌ಎಫ್‌ಟಿ ಕಣ್ಲಾ. ಕಂಪ್ಯೂಟರ್ ಚಿತ್ರ. ಇಟ್ಕೊಂಡೋರಿಗೆ ಕೊಕ್ಕರೆ ಬೆಳ್ಳೂರಲ್ಲಿ ಕಟ್ಟೋ ರೆಸಾರ್ಟಲ್ಲಿ ಸಾಯೋವರ್ಗೂ ರೂಮು ಪುಕ್ಕಟೆ. ಹನಕೆರೆಯವನೊಬ್ಬ ತನ್ನದನ್ನ ಮಾರ್ತಾವ್ನೆ. ಸೆಕೆಂಡ್ ಹ್ಯಾಂಡು."

ಅವನ ಕೈಲಿದ್ದ ದುಡ್ಡು ಹೆಂಡತಿಯನ್ನು ಕಾಶಿಗೆ ಕರೆದೊಯ್ಯಲು ಎತ್ತಿಟ್ಟದ್ದು. ಚಿತ್ರ ಮಾರಿ ಅದು ದುಪ್ಪಟ್ಟಾದರೆ ವಿಮಾನದಲ್ಲೇ ಹೋಗಬಹುದೆಂದು ಅವನ ಲೆಕ್ಕ.

"ನೀನು ವಿಚಾರಿಸಿ ಸರಿ ಅಂದ್ರೆ ತಗೋತೀನಿ. ಇಲ್ಲಾಂದ್ರೆ ಬುಡು."

"ನೀನು ಕೊಂಡ ಮೇಲೆ ಬೇರೆಯವ್ರು ಈ ಚಿತ್ರ ನೋಡಂಗಿಲ್ವಾ?"

"ಯಾರು ಬೇಕಾದ್ರೂ ನೋಡ್ಬೋದು, ಇಳಿಸ್ಕೋಬೋದು. ಹೆಸರು ಮಾತ್ರ ನಂದಿರ್ತದೆ."

"ಹಂಗಾದ್ರೆ ಗೋಮಾಳ. ಮೇಯೋದು ಊರ ದನ, ಕಂದಾಯ ನಿಂದು."

೨. ಐದು ಕೈ

ಮೂಲಪತ್ರ ಬೇಕೆಂದೆ. ಮದ್ದೂರಿನ ಕಂಪ್ಯೂಟರ್ ಅಂಗಡಿಯ ಹೆಣ್ಣುಮಗಳು ಹುಡುಕಿ ಮುದ್ರಿಸಿ ಕೊಟ್ಟಳು. ಯಾರಿಂದ ಯಾರಿಗೆ ಹೋಯಿತು ಎಲ್ಲ ಇತ್ತು. ಹನಕೆರೆಯವನಿಗೆ ಬರುವ ಮೊದಲು ಐದು ಕೈ ದಾಟಿತ್ತು. ಹೆಸರಿನ ಜಾಗದಲ್ಲಿ ಉದ್ದುದ್ದ ಅಕ್ಷರ, ಅಂಕಿ.

"ತಂದೆ ಹೆಸರು ಎಲ್ಲಿದೆಯಮ್ಮ?"

"ಇರಲ್ಲ ಸರ್."

"ವಾಸ?"

"ಅದೂ ಇರಲ್ಲ." ಆಮೇಲೆ ಮೆಲ್ಲಗೆ ಹೇಳಿದಳು: "ಸರ್, ಐದೂ ಮಾರಾಟ ಒಂದೇ ಮಧ್ಯಾಹ್ನ ಆಗಿದೆ. ಪ್ರತಿ ಸಲ ಬೆಲೆ ಏರಿದೆ. ಒಬ್ಬರೇ ಐದು ಹೆಸರಲ್ಲಿ ತಮಗೆ ತಾವೇ ಮಾರ್ಕೊಂಡಿರಬಹುದು, ನೋಡಿ."

ಜಮೀನು ಒಂದು ಮಧ್ಯಾಹ್ನದಲ್ಲಿ ಐದು ಕೈ ದಾಟಿದ್ದರೆ ನಾನು ಛಾಪಾ ಕಾಗದ ಮುಟ್ಟುತ್ತಿರಲಿಲ್ಲ. ಅವತ್ತು ಮಾತ್ರ ಗೆಳೆಯನಿಗೆ ಹೇಳಿದೆ: "ಊಟಕ್ಕೂ ಏಳದೆ ಕೊಂಡವ್ರೆ ಕಣ್ಲಾ. ಗಿರಾಕಿ ಜೋರಾಗಿದೆ."

೩. ಒಳ್ಳೆ ಮನೆತನ

ಮಾರುವವನನ್ನು ವಿಚಾರಿಸಲು ಮದ್ದೂರಿನಿಂದ ರೈಲಿನಲ್ಲಿ ಹನಕೆರೆಗೆ ಹೋದೆ. ಹೆಣ್ಣು ಕೊಡುವವರು ವಿಚಾರಿಸುವ ಹಾಗೆಯೇ ವಿಚಾರಿಸಿದೆ. ಟೀ ಅಂಗಡಿಯಲ್ಲಿ ಕೇಳಿದೆ. ಕ್ಷೌರದ ಅಂಗಡಿಯಲ್ಲಿ ಕೇಳಿದೆ. ಕುಡಿಯಲ್ಲ, ಜೂಜಿಲ್ಲ, ಅಣ್ಣತಮ್ಮಂದಿರ ವ್ಯಾಜ್ಯವಿಲ್ಲ. ಬೇಸಾಯಗಾರ. ಮನೆಗೆ ಹೋದರೆ ಅವನ ತಾಯಿ ಮುದ್ದೆ ಇಕ್ಕಿದರು. ಎರಡು ತುತ್ತು ನುಂಗುವುದರಲ್ಲಿ ನನ್ನ ಸೋದರತ್ತೆ ಕಡೆ ನೆಂಟರಾದರು.

"ಈ ಕೊಕ್ಕರೆಗಳನ್ನ ಮಾಡಿ ಬಿಟ್ಟೋರು ಯಾರಪ್ಪ?"

"ಗೊತ್ತಿಲ್ಲ ಯಜಮಾನ್ರೆ. ಯಾರೂ ನೋಡಿಲ್ಲ. ಅವ್ರು ಮೊಕದ ಜಾಗ್ದಲ್ಲಿ ಮಂಗನ ಚಿತ್ರ ಆಕ್ಕಂಡವ್ರೆ."

ಅದನ್ನೇ ಕೆದಕಬೇಕಿತ್ತು. ಉಂಡ ಮನೆಯಲ್ಲಿ ಎರಡನೇ ಪ್ರಶ್ನೆ ಬಾಯಿಗೆ ಬರಲಿಲ್ಲ. ಸಂಕೋಚದ ಜನ ಇರಬೇಕು ಎಂದುಕೊಂಡು ಎದ್ದೆ.

ಗೆಳೆಯ ಕೊಂಡ.

೪. ಸ್ಥಳ ತನಿಖೆ

ಮೂರು ತಿಂಗಳಿಗೆ ಆ ಮಂಗನ ಮುಖದವರು ಮಾಯ. ಚಿತ್ರವನ್ನು ಕಾಲು ಬೆಲೆಗೂ ಕೇಳುವವರಿಲ್ಲ. ಹನಕೆರೆಯವನ ತಪ್ಪೇನಿಲ್ಲ. ಅವನ ಹೆಸರಿನಲ್ಲೂ ಇನ್ನೂ ಎರಡು ಕೊಕ್ಕರೆ ಮಾರಾಟವಾಗದೆ ಉಳಿದಿದ್ದವು.

ಜಮೀನಾದರೆ ಮೊದಲು ಚಕ್ಕುಬಂದಿಯ ನಾಲ್ಕೂ ಗಡಿ ತುಳಿದು ನೋಡುತ್ತಿದ್ದೆ. ಈಗ ನೋಡೋಣವೆಂದು ಇಬ್ಬರೂ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಹುಣಸೆಮರದ ಕೆಳಗೆ ಒಬ್ಬ ಹೆಂಗಸು ರಾಗಿ ಕೇರುತ್ತಿದ್ದಳು.

"ಇಲ್ಲಿ ರೆಸಾರ್ಟ್ ಎಲ್ಲಿ ಕಟ್ತಾವ್ರೆ ತಾಯಿ?"

"ಅಂಗಂದ್ರೆ?"

"ದೂರದಿಂದ ಬಂದೋರಿಗೆ ಇರಕ್ಕೆ ಪುಕ್ಕಟೆ ಜಾಗ ಕೊಡ್ತಾರಂತೆ."

ಆಕೆ ಮೊರದಲ್ಲೇ ಮರದ ಮೇಲಕ್ಕೆ ತೋರಿಸಿದಳು. ಕೊಂಬೆ ಕೊಂಬೆಗೂ ಗೂಡು.

"ಅಗೋ, ಅಲ್ಲೇ ಕಣಣ್ಣ. ಮರ ಅತ್ತಕ್ಕಾದ್ರೆ ಅತ್ತಿ."

೫. ಕಾಶಿ

ಅವನ ಹೆಂಡತಿಗೆ ಅಲ್ಲಿಯವರೆಗೆ ಏನೂ ಗೊತ್ತಿರಲಿಲ್ಲ. ಹೇಳುವ ಕೆಲಸ ನನ್ನದು. ಆಕೆ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗೆಳೆಯ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಎಲ್ಲ ಹೇಳಿದೆ. ಆಕೆಯ ಕೈ ನಿಂತಿತು.

"ಮದುವೆಯಾದ ವರ್ಷದಿಂದ ಕೇಳ್ತಿದ್ದೆ ಅಣ್ಣ," ಎಂದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು.

"ಸರಿ ಅಂದೋನು ನಾನು ಕಣಮ್ಮ. ತಪ್ಪು ನಂದು. ರೈಲು ಟಿಕೆಟ್ ನಾನು ತೆಗೆಸ್ತೀನಿ. ಇಬ್ರೂ ಹೋಗಿಬನ್ನಿ."

ಬೇಡ ಎಂದರು. ನಾನೂ ಬಿಡಲಿಲ್ಲ. ಇನ್ನೆರಡು ಕಾಯಿ ಸುಲಿದರು. ಆಮೇಲೆ ಕೇಳಿದರು:

"ಕಾಶಿಗೆ ಹೋದೋರು ಏನಾದ್ರೂ ಒಂದನ್ನ ಅಲ್ಲೇ ಬಿಟ್ಟು ಬರ್ಬೇಕಂತೆ, ಅಲ್ವಾ ಅಣ್ಣ?"

"ಹೌದಮ್ಮ. ಹಣ್ಣೋ, ತರಕಾರಿಯೋ. ನಿಮ್ಮಿಷ್ಟ."

ಆಕೆ ಗಂಡನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು.

"ಹಂಗಾದ್ರೆ ಹೋಗೋಕೆ ಎರಡು ಟಿಕೆಟ್ ತೆಗೆಸಿ ಅಣ್ಣ. ಬರೋಕೆ ಒಂದೇ ಸಾಕು."