ತೆಂಗಿನ ಚಿಪ್ಪಿನ ಕ್ಲಚ್ಚು

ನಮ್ಮ ಸೋದರತ್ತೆ ದಿನಕ್ಕೆ ಎರಡು ಸಲ ಒಲೆ ಹಚ್ಚುತ್ತಿದ್ದರು. ಒಮ್ಮೆ ಅನ್ನಕ್ಕೆ, ಇನ್ನೊಮ್ಮೆ ಕ್ಲಚ್ಚಿಗೆ! ನಂಬುವುದಿಲ್ಲವೇ? ನಂಬಬೇಡಿ. ಕಣ್ಣಾರೆ ಕಂಡದ್ದನ್ನೂ ಇನ್ನೊಮ್ಮೆ ಪರೀಕ್ಷಿಸದೆ ಒಪ್ಪದವಳು ನಾನು. ನಾನೇ ನಂಬಲು ಒಂದು ವಾರ ಹಿಡಿಯಿತು.

ಲಾರಿಯ ಕ್ಲಚ್ಚಲ್ಲ. ರಿಮೋಟಿನಿಂದ ಓಡುವ, ಮೊಳದುದ್ದದ ಆಟದ ಟ್ರಕ್ಕಿನದು. ಅದರ ಹೊಟ್ಟೆಯೊಳಗೆ ಒಂದು ಪ್ಲಾಸ್ಟಿಕ್ ಗೇರು, ಗೇರಿಗೆ ಒತ್ತಿಕೊಂಡ ಒಂದು ಬಿಲ್ಲೆ, ಬಿಲ್ಲೆಯನ್ನು ಒತ್ತಿ ಹಿಡಿಯಲು ಸ್ಪ್ರಿಂಗು ಮತ್ತು ನಟ್ಟು. ಯಾರಾದರೂ ಗಕ್ಕನೆ ರಿಮೋಟ್ ಒತ್ತಿದರೆ ಬಿಲ್ಲೆ ಕೊಂಚ ಜಾರಿ ಆ ಏಟನ್ನು ತಾನು ತಿನ್ನುತ್ತದೆ, ಗೇರಿನ ಹಲ್ಲು ಉಳಿಯುತ್ತದೆ. ಅಷ್ಟೇ ಅದರ ಸಂಸಾರ. ಅಂಗಡಿಯ ಬಿಲ್ಲೆ ವಾರಕ್ಕೊಂದು ಸುಟ್ಟುಹೋಗುತ್ತಿತ್ತು. ಅತ್ತೆ ಅರಸೀಕೆರೆಯಲ್ಲಿ ರವಿಕೆ ಹೊಲಿಯುವವರು. ಕತ್ತರಿ, ಅಳತೆ, ಹಟ ಮೂರೂ ಕೈಯಲ್ಲೇ ಇದ್ದವು. ತಾವೇ ಬಿಲ್ಲೆ ಮಾಡಲು ಕೂತರು.

ಗಕ್ಕನೆ ಒತ್ತುತ್ತಿದ್ದವರು ಮಾವ. ಮೂವತ್ತು ವರ್ಷ ಕೊಬ್ಬರಿ ಲಾರಿ ಓಡಿಸಿದವರಿಗೆ ಹೋದ ವರ್ಷ ಲಕ್ವ ಹೊಡೆದು ಮಾತು ನಿಂತಿತು, ಬಲಗೈ ಬಿದ್ದುಹೋಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಮಾವ ಅದನ್ನು ಎಡಗೈಯಲ್ಲಿ ಎತ್ತಿ ಅಂಗಳಕ್ಕೆ ಬಿಸಾಡಿದರು. ಅತ್ತೆ ಟ್ರಕ್ಕು ತರಿಸಿದರು. ಚೆಂಡು ಮಕ್ಕಳಾಟಿಕೆ, ಟ್ರಕ್ಕು ಅಲ್ಲವೇ? ಇದು ತರ್ಕವೇ? ಅಲ್ಲ. ಆದರೆ ಮಾವ ರಿಮೋಟನ್ನು ಬಲಗೈಗೇ ಕೊಡಿ ಎಂದು ಸನ್ನೆ ಮಾಡಿದರು!

ತೊಂದರೆಯೆಂದರೆ ಆ ಬೆರಳಿಗೆ ಎರಡೇ ಗೊತ್ತಿದ್ದವು. ಒತ್ತದೇ ಇರುವುದು, ಇಲ್ಲವೇ ಪೂರ್ತಿ ಒತ್ತಿಬಿಡುವುದು. ಸುಟ್ಟ ಬಿಲ್ಲೆ ಗೇರಿಗೆ ಕಚ್ಚಿಕೊಂಡು ಕಟಕಟನೆ ಹಲ್ಲು ಮುರಿಯುತ್ತಿತ್ತು. ಮಾವ ರಿಮೋಟ್ ಕೆಳಗಿಟ್ಟು ಗೋಡೆಯ ಕಡೆ ತಿರುಗಿದರೆ ಆ ದಿನ ಊಟವಿಲ್ಲ. ಇನ್ನೊಂದು ಸಲ ಮುರಿದರೆ ಆ ಕೈ ರಿಮೋಟನ್ನು ಮತ್ತೆ ಮುಟ್ಟುವುದೇ ಇಲ್ಲ ಎಂಬುದು ಅತ್ತೆಯ ಹೆದರಿಕೆ.

"ಅತ್ತೆ, ರಿಮೋಟಲ್ಲೇ ವೇಗ ಕಮ್ಮಿ ಮಾಡೋ ತಿರುಗಣಿ ಇದೆ. ತಿರುಗಿಸಿದ್ರೆ ಮುಗೀತಲ್ಲ?" ಎಂದೆ.

"ಅವ್ರಿಗೆ ಗೊತ್ತಾಗ್ತದೆ ಕಣೇ. ನನ್ ಗಾಡಿನ ಯಾರೋ ಕಟ್ಟಾಕವ್ರೆ ಅಂತ."

"ಕ್ಲಚ್ ಜಾರಿದ್ರೆ ಗೊತ್ತಾಗಲ್ವಾ?"

"ಆಗ್ಲಿ ಬಿಡು. ಹಾಫ್ ಕ್ಲಚ್ಚಲ್ಲಿ ಗಾಡಿ ಎತ್ತಿದಂಗೆ ಇರ್ತದೆ. ಡ್ರೈವರ್‌ಗೆ ಅದ್ರಲ್ಲಿ ಏನವಮಾನ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಇಡಲು ನಮ್ಮ ಮನೆಯಲ್ಲಿ ಜಾಗವಿಲ್ಲ. ಆದರೂ ಬಿಲ್ಲೆ ಉಜ್ಜಲು ಮರಳು ಕಾಗದ ತಂದುಕೊಟ್ಟವಳು ನಾನೇ.

ಮೊದಲು ಬಾಣಾವರದ ನೆಂಟರಿಂದ ಒಂದು ಚೀಲ ತೆಂಗಿನ ಚಿಪ್ಪು ಬಂತು. ಅತ್ತೆ ಅದನ್ನು ಉಗುರಿನಷ್ಟು ತೆಳ್ಳಗೆ ಉಜ್ಜಿ ದುಂಡಗೆ ಕತ್ತರಿಸಿದರು. ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪೊಂದು ಅಲ್ಲಿ ನಡೆಯಿತು. ಅದು ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಚಿಪ್ಪು. ಒಳಗೆಲ್ಲ ಎಣ್ಣೆ ಕುಡಿದಿತ್ತು. ಮಾವ ಒತ್ತಿದರು. ಬಿಲ್ಲೆ ಕಾಯಿತು, ಎಣ್ಣೆ ಬಿಟ್ಟಿತು, ಟ್ರಕ್ಕು ನಿಂತಲ್ಲೇ ಹೊಗೆಯಾಡಿ ಕೇರಿಗೆಲ್ಲ ಘಮಘಮ! ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ರೀ, ಕೊಬ್ಬರಿ ಮಿಠಾಯಿನಾ?"

"ಇಲ್ಲ ಕಣ್ರೀ, ಫಸ್ಟ್ ಗೇರು."

ಎರಡನೆಯದು ಇನ್ನೂ ಚೆಂದ. ಬೇಲೂರಿನಲ್ಲಿ ನನ್ನದೊಂದು ಚರ್ಚಾಸ್ಪರ್ಧೆ. ಚಪ್ಪಾಳೆ ಹೊಡೆಯಲೆಂದು ಬಂದ ಅತ್ತೆ ನನ್ನ ಸರದಿ ಬಂದಾಗ ನಾಪತ್ತೆ! ಆಮೇಲೆ ನೋಡಿದರೆ ವಿಗ್ರಹ ಕೆತ್ತುವವನ ಶೆಡ್ಡಿನಲ್ಲಿ ಬಳಪದ ಕಲ್ಲಿನ ಚೂರು ಆರಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು.

"ಅಷ್ಟು ಚೂರಲ್ಲಿ ಯಾವ ದೇವ್ರು ಮಾಡ್ತೀರಮ್ಮ?" ಎಂದ ಆತ.

"ದೇವ್ರಲ್ಲ ಕಣಪ್ಪ, ಕ್ಲಚ್ಚು."

ಬಸ್ಸು ಹಳೇಬೀಡು ದಾಟುವವರೆಗೂ ಜಗಳ. "ಆ ಗುಡಿ ಗೋಡೆ ಮ್ಯಾಗಿನ ಹೆಂಗಸ್ರ ಬಳೆ ಇಷ್ಟು ವರ್ಷಕ್ಕೂ ಸವೆದಿಲ್ಲ, ನನ್ ಬಿಲ್ಲೆ ಸವೀತದಾ?"

"ಅತ್ತೆ, ಆ ಕಲ್ಲಿನ ಪುಡಿನೇ ಮುಖಕ್ಕೆ ಹಚ್ಚೋ ಪೌಡರ್. ಸವೆಯಲ್ಲ, ಜಾರುತ್ತೆ."

"ಜಾರೋ ಕ್ಲಚ್ಚಿಗೆ ಜಾರೋ ಕಲ್ಲು. ತಪ್ಪೇನೇ?"

ಮನೆಗೆ ಬಂದು ಹಾಕಿದರೆ ಮೋಟಾರು ಕಿರುಚಿಕೊಂಡಿತು. ಟ್ರಕ್ಕು ಮಾತ್ರ ಶಿಲಾಬಾಲಿಕೆಯ ಹಾಗೆ ನಿಂತೇ ಇತ್ತು, ಮೈಗೆಲ್ಲ ಪೌಡರ್ ಬೇರೆ! ಮಾವ ಮುಖದ ಅರ್ಧದಲ್ಲಿ ನಕ್ಕರು. ಆ ದಿನ ಊಟವನ್ನೂ ಮಾಡಿದರು.

ಹೀಗೆ ಬೆಂಡು, ಚರ್ಮ, ಬೈಕಿನ ಕ್ಲಚ್ ಪ್ಲೇಟು, ಮತ್ತೆ ಚಿಪ್ಪು. ಈ ಸಲ ಹಸಿ ಕಾಯಿಯದು, ಎಣ್ಣೆ ಹೋಗಲೆಂದು ಸೀಗೆಕಾಯಿ ನೀರಿನಲ್ಲಿ ಕುದಿಸಿದ್ದು. ಅದೇ ಎರಡನೆಯ ಒಲೆ. ಹತ್ತೊಂಬತ್ತನೆಯ ಬಿಲ್ಲೆ ಹಾಕಿದ ಬೆಳಿಗ್ಗೆ ಮಾವ ಒತ್ತಿದರು. ಟ್ರಕ್ಕು ಬಸುರಿ ಹೆಂಗಸಿನಂತೆ ಮೆಲ್ಲಗೆ ಹೊರಟು, ಅಂಗಳ ದಾಟಿ, ತೆಂಗಿನ ಮಟ್ಟೆಯ ರಾಶಿ ಏರಿ ಆಚೆ ಇಳಿಯಿತು. ಅತ್ತೆ ಕೇರಿಗೆಲ್ಲ ಸಾರಿದರು: "ಅವ್ರು ಹೆಂಗೆ ಒತ್ತಿದ್ರೂ ನನ್ ಕ್ಲಚ್ಚು ತಡ್ಕತದೆ!" ಮಾವ ಅವರನ್ನೇ ನೋಡಿ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಮೌನವನ್ನು ಒಪ್ಪಿಗೆಯೆಂದು ಎದುರಾಳಿ ವಾದಿಸಿದರೆ ನಾನು ಬಿಡುತ್ತಿರಲಿಲ್ಲ. ಅಂದು ಬಿಟ್ಟುಬಿಟ್ಟೆ.

ಇಪ್ಪತ್ತೆರಡು ದಿನ ಒಂದು ಹಲ್ಲೂ ಮುರಿಯಲಿಲ್ಲ. ಇಪ್ಪತ್ತಮೂರನೆಯ ಬೆಳಿಗ್ಗೆ ಮಾವ ಏಳಲಿಲ್ಲ.

ತಿಥಿ ಮುಗಿದ ಮೇಲೆ ಅತ್ತೆ ಅಳಲಿಲ್ಲ, ಹೊಲಿಗೆಯನ್ನೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರು: "ಅವ್ರ ಕೈ ಎಲ್ಲೇ ವಾಸಿಯಾಯ್ತು? ಓಡ್ಸಿದ್ದು ನನ್ ಕ್ಲಚ್ಚು. ಸುಳ್ಳು ನಂಬ್ಸಿ ಕಳಿಸ್ಬಿಟ್ಟೆ ಕಣೇ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಪುರಾವೆ ಹುಡುಕುವುದು ಬರುತ್ತದೆ. ಟ್ರಕ್ಕು ಬಿಚ್ಚಿದೆ. ನಟ್ಟು ತೆಗೆದೆ, ಸ್ಪ್ರಿಂಗು ತೆಗೆದೆ. ಬಿಲ್ಲೆ ಮಾತ್ರ ಗೇರನ್ನು ಬಿಟ್ಟು ಬರಲಿಲ್ಲ. ಅತ್ತೆ ಬಿಲ್ಲೆಯನ್ನು ಅದರ ಹಿಂದಿನ ತಟ್ಟೆಗೆ ಅಂಟಿಸುವಾಗ ಅಂಟು ಹೆಚ್ಚಾಗಿ ಅಂಚಿಗೆ ಹರಿದು, ಬಿಲ್ಲೆಯನ್ನೂ ಗೇರನ್ನೂ ಒಂದು ಮಾಡಿ ಒಣಗಿತ್ತು. ಅದು ಜಾರುವ ಕ್ಲಚ್ಚೇ ಅಲ್ಲ, ಕಲ್ಲು!

ಆದರೆ ಅಂಟು ಯಾವಾಗ ಹಿಡಿದದ್ದು? ಬ್ಲೇಡಿನಿಂದ ಒಂದು ಅಂಚನ್ನು ಎಬ್ಬಿಸಿ ಇಣುಕಿದೆ. ಎಲ್ಲ ಬಿಲ್ಲೆಯ ಮೇಲೂ, ಗೇರಿಗೆ ತಾಗುವ ಬದಿಗೆ, ಅತ್ತೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯುತ್ತಿದ್ದರು. ಒಂದೇ ಸಲ ಜಾರಿದರೂ ಅದು ಉಜ್ಜಿಹೋಗುತ್ತಿತ್ತು. ಇಲ್ಲಿ ಹತ್ತೊಂಬತ್ತು ಬರೆದ ಹಾಗೇ ಇತ್ತು.

ಅತ್ತೆಯನ್ನು ಕರೆದು ತೋರಿಸಿದೆ. "ನಿಮ್ಮ ಕ್ಲಚ್ ಒಂದು ದಿನಾನೂ ಕೆಲಸ ಮಾಡಿಲ್ಲ ಅತ್ತೆ."

"ಹೋಗೇ! ಮತ್ತೆ ಹಲ್ಲು ಉಳಿದಿದ್ದು ಹೆಂಗೆ?"

ಅವರ ಎದುರಿಗೇ ಮತ್ತೆ ಜೋಡಿಸಿ, ರಿಮೋಟನ್ನು ಗಕ್ಕನೆ ಪೂರ್ತಿ ಒತ್ತಿದೆ. ಕಟಕಟ. ಒಂದೇ ಕ್ಷಣ, ಗೇರಿನ ಹಲ್ಲೆಲ್ಲ ಪುಡಿ.

ಅತ್ತೆ ಆ ಪುಡಿಯನ್ನು ಅಂಗೈಗೆ ಸುರಿದುಕೊಂಡರು. ಆಮೇಲೆ ಪಕ್ಕಕ್ಕೆ ಕೂತು ನನ್ನ ಕೈ ಹಿಡಿದು, ನನ್ನ ಅಂಗೈ ಮೇಲೆ ತಮ್ಮ ಬೆರಳೊಂದನ್ನು ಒತ್ತಿದರು.

"ಇಷ್ಟು ಮೆತ್ತಗಾ ಅವ್ರು ಒತ್ತಿದ್ದು?"

"ಇನ್ನೂ ಮೆತ್ತಗೆ ಅತ್ತೆ."

"ಇಷ್ಟಾ?"

"ಇನ್ನೂ."