ಅಕ್ಷಯಪಾತ್ರೆಗೆ ಅಕ್ಕಿ ಕಳಿಸಿದ ಕೌರವ

ಓದುಗ ಬಂಧುಗಳಿಗೆ ನಮಸ್ಕಾರ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ಬಂದಾಗಲೆಲ್ಲ ಬೆವರು ಬರುತ್ತದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಹೋಗಿ, ಮೀಸೆ ಪೂರ್ತಿ ಬಂದ ಮೇಲೆ ಹತ್ತನೇ ಕ್ಲಾಸು ಪಾಸಾದವನು ನಾನು. ಹಾಗಾಗಿ ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಇವತ್ತು ಹೇಳಲು ಹೊರಟ ತಪ್ಪು ಅಕ್ಷರದ್ದಲ್ಲ. ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ ಎನ್ನಲು ನನಗೆ ಮುಖವಿಲ್ಲ.

ಈಗ ಮಹಾಭಾರತದಿಂದ ಹುಟ್ಟಿದ ಹೊಸ ಕಾದಂಬರಿಗಳ ಕಾಲ ಅಲ್ಲವೇ? ನಾನು ಚಿಕ್ಕವನಿದ್ದಾಗ ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ, ಲೋಕಲ್ ಟ್ರೈನಿನಲ್ಲಿ ದಿನಾ ಹೋಗುವವರ ಹಾಗೆ ತಮ್ಮ ತಮ್ಮ ಸೀಟಿನಲ್ಲೇ ಕೂತಿರುತ್ತಿದ್ದರು. ಈಗ ಯಾರನ್ನು ಎಬ್ಬಿಸಿ ಯಾರನ್ನು ಕೂರಿಸುತ್ತಾರೋ ಹೇಳಲಾಗದು. ಕೆಟ್ಟವನ ಮನಸ್ಸು ಎಷ್ಟು ಮೆತ್ತಗಿತ್ತು ಎಂದು ಒಬ್ಬರು ಬರೆಯುತ್ತಾರೆ. ಮೂಲದಲ್ಲಿ ಎರಡು ಮಾತೂ ಆಡದ ಹೆಂಗಸಿನ ದುಃಖವನ್ನು ಇನ್ನೊಬ್ಬರು ಮುನ್ನೂರು ಪುಟ ಬರೆಯುತ್ತಾರೆ. ನನಗೆ ಇವುಗಳ ಹುಚ್ಚು. ಡೊಂಬಿವಲಿಯಿಂದ ಘಣಸೋಲಿಗೆ ಕೆಲಸಕ್ಕೆ ಹೋಗುವಾಗ, ನಿಲ್ಲಲು ಒಂದೇ ಕಾಲಿಗೆ ಜಾಗ ಸಿಕ್ಕಿದರೂ, ಎದುರಿನವರ ಬೆನ್ನಿಗೆ ಪುಸ್ತಕ ಒರಗಿಸಿ ಓದುತ್ತೇನೆ. ಒಮ್ಮೆ ಕೌರವನ ತಾಯಿಯ ಪಾಡು ಓದಿ ಕಣ್ಣೊರೆಸಿಕೊಳ್ಳುವಾಗ, ಪಕ್ಕದವನು "ಕ್ಯಾ ಹುವಾ ಕಾಕಾ, ಜೇಬ್ ಕಟಾ ಕ್ಯಾ?" ಎಂದು, ಕಿಸೆಗೆ ಕತ್ತರಿ ಬಿತ್ತೋ ಎಂಬಂತೆ ಕೇಳಿದ್ದ. ನನ್ನ ಹೆಂಡತಿ ಲೀಲಾಳ ದೂರು ಬೇರೆ. "ಮಹಾಭಾರತದಲ್ಲಿ ಯಾರ್ಯಾರ ಹೆಂಡತಿಗೆ ಎಂತೆಂಥ ಕಷ್ಟ ಅಂತ ಎಲ್ಲ ಗೊತ್ತುಂಟು ನಿಮಗೆ. ಮನೆಯಲ್ಲಿ ಗ್ಯಾಸ್ ಮುಗಿದದ್ದು ಮಾತ್ರ ಗೊತ್ತಾಗುದಿಲ್ಲ."

ಇಂಥ ಒಂದು ಕಾದಂಬರಿಯನ್ನು ಮಗಳು ನನ್ನ ಹುಟ್ಟುಹಬ್ಬಕ್ಕೆ ತಂದುಕೊಟ್ಟಳು. ಹೆಸರು ಹೇಳುವುದಿಲ್ಲ, ಬರೆದವರ ತಪ್ಪು ಇದರಲ್ಲಿ ಏನೂ ಇಲ್ಲ. ಪಾಂಡವರು ಕಾಡಿನಲ್ಲಿದ್ದಾಗ ದ್ರೌಪದಿಯ ಹತ್ತಿರ ಅಕ್ಷಯಪಾತ್ರೆ ಇತ್ತಲ್ಲ, ಅವಳು ಉಣ್ಣುವ ತನಕ ಅನ್ನ ಮುಗಿಯದ ಪಾತ್ರೆ? ಅದು ಸೂರ್ಯದೇವನ ಮಹಿಮೆಯಲ್ಲವಂತೆ. ಕೌರವನೇ ಕತ್ತಲಾದ ಮೇಲೆ ಗುಟ್ಟಾಗಿ ಗಾಡಿಯಲ್ಲಿ ಅಕ್ಕಿ ಕಳಿಸುತ್ತಿದ್ದನಂತೆ. ಕೃಷ್ಣನಿಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲವಂತೆ. ಇದನ್ನು ಓದಿ ನಾನು ಟ್ರೈನು ಬದಲಿಸಲು ಥಾಣೆಯಲ್ಲಿ ಇಳಿಯುವುದನ್ನೇ ಮರೆತೆ. ಘಣಸೋಲಿಯ ಆಫೀಸು ಕ್ಯಾಂಟೀನು ನಡೆಸುವವನು ನಾನು. ಅಕ್ಕಿಯ ಮೂಟೆ ಬಾರದೆ ಪಾತ್ರೆಯಲ್ಲಿ ಅನ್ನ ಹುಟ್ಟುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂತೂ ಒಬ್ಬರಾದರೂ ಸತ್ಯ ಬರೆದರು ಎನ್ನಿಸಿತು. ಇದು ನನ್ನ ಕಲ್ಪನೆ, ಮೂಲದಲ್ಲಿ ಇಲ್ಲ ಎಂದು ಮುನ್ನುಡಿಯಲ್ಲಿ ಅವರೇ ಸ್ಪಷ್ಟವಾಗಿ ಬರೆದಿದ್ದರು. ಅದನ್ನೂ ಓದಿದ್ದೆ. ಓದಿರಲಿಲ್ಲ ಎಂದು ಈಗ ಹೇಳಬಹುದಿತ್ತು, ಆದರೆ ಸುಳ್ಳು ಹೇಳಿ ಆದದ್ದೇ ಸಾಕು.

ನಮ್ಮ ಉಡುಪಿ ಕಡೆಯವರು ಎಲ್ಲಿಗೆ ಹೋದರೂ ಜೊತೆಗೆ ತಾಳಮದ್ದಳೆ ತೆಗೆದುಕೊಂಡು ಹೋಗುತ್ತಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಕೃಷ್ಣ, ಕೌರವ ಎಂದು ಪಾತ್ರ ವಹಿಸಿದವರು ಪಂಚೆ ಶಾಲಿನಲ್ಲಿ ಎದುರುಬದುರು ಕೂತು, ಆ ಪದದ ಮೇಲೆ ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತೇವೆ. ನಮ್ಮ ತಂಡದಲ್ಲಿ ನನಗೆ ಸಿಗುತ್ತಿದ್ದದ್ದು ದೂತನ ಅರ್ಥ. "ಅಪ್ಪಣೆ ಪ್ರಭೂ" ಎಂದರೆ ಮುಗಿಯಿತು, ಆಮೇಲೆ ಚಹಾ ಹಂಚುವುದೂ ದೂತನೇ. ಕೃಷ್ಣ ಹೇಳುವವರು ಶಂಕರ ಭಟ್ಟರು, ಹೋಟೆಲ್ ಮ್ಯಾನೇಜರಾಗಿ ನಿವೃತ್ತರಾಗಿ ಟಿಟ್ವಾಳಾದಲ್ಲಿ ಇರುವವರು. ಅವರ ಕೃಷ್ಣನನ್ನು ಕೇಳಲು ಅಷ್ಟು ದೂರದ ಪನ್ವೇಲಿನಿಂದ ಜನ ಬರುತ್ತಾರೆ.

ಒಂದು ಭಾನುವಾರ ಡೊಂಬಿವಲಿಯಲ್ಲಿ ಕೃಷ್ಣ ಸಂಧಾನದ ಪ್ರಸಂಗ. ಹಳಿ ದುರಸ್ತಿಗೆಂದು ಟ್ರೈನು ನಿಲ್ಲಿಸುವ ಮೆಗಾಬ್ಲಾಕ್ ಇತ್ತು, ಕೌರವ ಕುರ್ಲಾದಲ್ಲಿ ಸಿಕ್ಕಿಬಿದ್ದ. ಸಂಘಟಕರಾದ ಸದಾನಂದಣ್ಣ ನನ್ನ ಹೆಗಲಿಗೆ ಶಾಲು ಹಾಕಿ, "ಸುಂದರ, ನೀನೇ ಕೂತುಕೋ ಮಾರಾಯ. ಬೈಗುಳ ತಿಂದು ಏಳುದು, ಅಷ್ಟೇ" ಎಂದರು. ಕೂತೆ. ಭಟ್ಟರು ಕೃಷ್ಣನಾಗಿ, ಪಾಂಡವರಿಗೆ ಐದು ಊರಾದರೂ ಕೊಡು ಎಂದು ಒಂದೊಂದೇ ನ್ಯಾಯ ಎತ್ತಿ ನನ್ನನ್ನು ಹಿಂಡಿಬಿಟ್ಟರು. ಮುಂದಿನ ಸಾಲಿನಲ್ಲಿ ಲೀಲಾ ಬೇರೆ ಕೂತಿದ್ದಾಳೆ. ಆಗ ನನ್ನ ಬಾಯಿಂದ ಬಂತು ನೋಡಿ: "ಕೃಷ್ಣಾ! ಹನ್ನೆರಡು ವರ್ಷ ಆ ಅಕ್ಷಯಪಾತ್ರೆಗೆ ಅಕ್ಕಿ ಕಳಿಸಿದವನು ಯಾರು? ಉಂಡವರು ಮರೆತಿರಬಹುದು, ನೀನು ಕಂಡವನು. ಹೇಳು ಸಭೆಗೆ!"

ಭಟ್ಟರು ಬಾಯಿ ತೆರೆದರು, ಮುಚ್ಚಿದರು. ಅವರು ಮಾತಿಗೆ ತಡವರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಭಾಗವತರು ಅವರ ಮರ್ಯಾದೆ ಉಳಿಸಲು ಬೇಗ ಬೇಗ ಮುಂದಿನ ಪದ ಎತ್ತಿದರು. ಜನ ಚಪ್ಪಾಳೆ ಹೊಡೆದರು. ನಾನು ಶಾಲು ಸರಿಮಾಡಿಕೊಂಡೆ.

ಮುಗಿದ ಮೇಲೆ ಭಟ್ಟರು ನನ್ನ ಹತ್ತಿರ ಬಂದರು. ಕೋಪವಿಲ್ಲ, ಶಿಷ್ಯನ ಹಾಗೆ ಕೇಳಿದರು. "ಸುಂದರ, ಇಷ್ಟು ವರ್ಷದಲ್ಲಿ ನಾನು ಇದು ಕೇಳಿದ್ದೇ ಇಲ್ಲ. ಎಲ್ಲಿ ಬರ್ತದೆ ಇದು?" ಸುತ್ತ ಜನ ನಿಂತಿದ್ದಾರೆ. ಕಾದಂಬರಿ ಎಂದರೆ ಈಗಷ್ಟೇ ಬಿದ್ದ ಚಪ್ಪಾಳೆ ವಾಪಸು ಹೋಗುತ್ತದೆ. "ವನಪರ್ವದಲ್ಲಿ, ಭಟ್ರೇ" ಎಂದುಬಿಟ್ಟೆ.

ಮರುದಿನ ಅನ್ನಕ್ಕೆ ನೀರಿಡುವ ಹೊತ್ತಿಗೆ ಭಟ್ಟರ ಫೋನು. "ವನಪರ್ವದಲ್ಲಿ ಯಾವ ಕಡೆ, ನೆನಪುಂಟಾ?" ನಾನು ಹೇಳಿದೆ, "ಸ್ವಲ್ಪ ಆಕಡೆ ಈಕಡೆ ನೋಡಿ ಭಟ್ರೇ." ಅದರ ಮರುದಿನ ಮತ್ತೆ. "ಆಕಡೆ ನೋಡಿದೆ. ಈಕಡೆಯೂ ನೋಡಿದೆ. ನನ್ನ ಪ್ರತಿಯಲ್ಲಿ ಹಾಳೆ ಹೋಗಿದೆಯೋ ಏನೋ. ಬೇರೆ ಪ್ರತಿ ತರಿಸ್ತೇನೆ." ಆಮೇಲೆ ಅವರ ಫೋನು ನಿಂತಿತು. ಬದಲಿಗೆ ಸದಾನಂದಣ್ಣನ ಫೋನು ಬಂತು. "ಗಣೇಶೋತ್ಸವಕ್ಕೆ ಥಾಣೆಯಲ್ಲಿ ಅದೇ ಪ್ರಸಂಗ ಇಟ್ಟಿದ್ದೇನೆ. ಭಟ್ರು ಕೂರುದಿಲ್ಲ ಅಂತಾರೆ. ತನಗೇ ಗೊತ್ತಿಲ್ಲದ ವನಪರ್ವ ಉಂಟಂತೆ, ಇನ್ನು ಅರ್ಥ ಹೇಳುವ ಯೋಗ್ಯತೆ ಇಲ್ಲವಂತೆ. ಎಂತ ಮಾಡಿಟ್ಟೆ ಮಾರಾಯ ನೀನು?"

ಅವತ್ತು ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು. ಮನೆಯಲ್ಲಿ ಹೇಳಿದಾಗ ಲೀಲಾ ನಗಲೂ ಇಲ್ಲ, ಬೈಯಲೂ ಇಲ್ಲ. ಅದೇ ಹೆದರಿಕೆಯಾಯಿತು. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ಜಾಕೇ ಸಚ್ ಬೋಲ್ ದೋ ನಾ" ಎಂದಳು, ಹೋಗಿ ನಿಜ ಹೇಳಿಬಿಡಿ ಎಂದು.

ಕಾದಂಬರಿಯನ್ನು ಚೀಲದಲ್ಲಿ ಹಾಕಿಕೊಂಡು ಟಿಟ್ವಾಳಾಕ್ಕೆ ಹೋದೆ. ಧೈರ್ಯಕ್ಕೆಂದು ಮೊದಲು ಗಣಪತಿ ದೇವಸ್ಥಾನಕ್ಕೆ ಹೋಗಿ ಕೈಮುಗಿದ ಮೇಲೆ ನೆನಪಾಯಿತು, ಮಹಾಭಾರತವನ್ನು ಕೂತು ಬರೆದುಕೊಂಡವನೇ ಇವನು! ವನಪರ್ವದಲ್ಲಿ ಏನಿದೆ, ಏನಿಲ್ಲ ಎಂದು ಇವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮುಖ ಎತ್ತದೆ ಹೊರಗೆ ಬಂದೆ.

ಭಟ್ಟರ ಮಂಚದ ತುಂಬ ಮಹಾಭಾರತದ ಸಂಪುಟಗಳು. ಅವರ ಕೈಯಲ್ಲಿ ಭೂತಗನ್ನಡಿ. ಕಣ್ಣು ಕೆಂಪಗೆ ಊದಿಕೊಂಡಿತ್ತು. ಅವರ ಹೆಂಡತಿ ಬಾಗಿಲಲ್ಲೇ, "ಊಟಕ್ಕೆ ಕರೆದರೂ ಏಳುದಿಲ್ಲ. ನೀವಾದರೂ ಆ ಜಾಗ ತೋರಿಸಿ ಪುಣ್ಯ ಕಟ್ಟಿಕೊಳ್ಳಿ" ಎಂದರು. ಪುಣ್ಯವಂತೆ! ನಾನು ಚೀಲದಿಂದ ಪುಸ್ತಕ ತೆಗೆದು ಸಂಪುಟಗಳ ನಡುವೆ ಇಟ್ಟೆ.

"ಜಾಗ ಇದು, ಭಟ್ರೇ. ವನಪರ್ವ ಅಂದದ್ದು ಸುಳ್ಳು."

ಅವರು ಮುನ್ನುಡಿ ಓದಿದರು. ಆ ಪುಟವನ್ನು ಹುಡುಕಿ ಓದಿದರು. ಭೂತಗನ್ನಡಿ ಕೆಳಗಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು.

"ಚಂದ ಬರೆದಿದ್ದಾರೆ" ಎಂದರು ಕೊನೆಗೆ. "ಕಲ್ಪನೆ ಮಾಡಿದ್ದು ತಪ್ಪಲ್ಲ ಸುಂದರ. ಅರ್ಥ ಹೇಳುವವ ಕೂರುದೇ ಕಲ್ಪಿಸ್ಲಿಕ್ಕೆ. ಕಲ್ಪನೆ ಅಂತ ಗೊತ್ತಿದ್ದರೆ ಅಲ್ಲೇ ಉತ್ತರ ಕೊಡ್ತಿದ್ದೆ. ನೀನು ವ್ಯಾಸರ ಹೆಸರು ಹೇಳಿದೆ. ಅವರ ಎದುರು ನಾನು ಎಂತ ವಾದ ಮಾಡುದು? ನನಗೇ ಮರೆವು ಶುರುವಾಯಿತು ಅಂತ ಹೆದರಿದೆ ಮಾರಾಯ."

ನಾನು ನೆಲ ನೋಡುತ್ತಾ ಕೂತೆ. ಟಿಟ್ವಾಳಾದ ಆ ಟೈಲ್ಸು ಈಗಲೂ ಕಣ್ಣಮುಂದೆ ಇದೆ, ಬೂದು ಬಣ್ಣ, ಒಂದು ಮೂಲೆ ಒಡೆದದ್ದು.

"ಥಾಣೆಗೆ ಬರ್ತೇನೆ" ಎಂದರು ಅವರು. "ಕೌರವ ನೀನೇ. ಮೊದಲು ಮೈಕಿನಲ್ಲಿ ಎಲ್ಲಿಂದ ತಂದದ್ದು ಅಂತ ಹೇಳು. ಆಮೇಲೆ ಅದೇ ಮಾತು ಕೇಳು ನನ್ನಲ್ಲಿ. ಪುಸ್ತಕ ಇಟ್ಟು ಹೋಗು."

ಥಾಣೆಯಲ್ಲಿ ಮೈಕಿನ ಮುಂದೆ ನಿಂತು, ಅಕ್ಕಿಯ ಗಾಡಿ ಕಾದಂಬರಿಯದ್ದು, ವನಪರ್ವ ಅಂದದ್ದು ನನ್ನ ಸುಳ್ಳು ಎಂದೆ. ಹಿಂದಿನಿಂದ ಯಾರೋ, "ಚಹಾ ಹಂಚುವವನಿಗೆ ಕಿರೀಟ ಇಟ್ಟರೆ ಹೀಗೇ" ಎಂದರು. ಸರಿಯೇ ಇತ್ತು. ಆಮೇಲೆ ಕೂತು, ಅದೇ ಪ್ರಶ್ನೆ ಎಸೆದೆ.

ಭಟ್ಟರು ನಕ್ಕರು. ಅದು ಕೃಷ್ಣನ ನಗು. "ಒಪ್ಪಿದೆ ಕೌರವಾ, ಅಕ್ಕಿ ಕಳಿಸಿದೆ. ಯಾವ ಗದ್ದೆಯದ್ದು? ಜೂಜಿನಲ್ಲಿ ಕಸಿದ ಇಂದ್ರಪ್ರಸ್ಥದ್ದು. ಅವರ ಅಕ್ಕಿಯನ್ನು ಅವರಿಗೇ ಬಡಿಸಿ, ಋಣ ಕೇಳುತ್ತೀಯಾ? ಇರಲಿ. ಹನ್ನೆರಡು ವರ್ಷ ಕತ್ತಲೆಯಲ್ಲಿ ಗಾಡಿ ಕಳಿಸುವ ಮನಸ್ಸಿತ್ತಲ್ಲ, ಅದೇ ಮನಸ್ಸಿನಿಂದ ಇವತ್ತು ಹಗಲಿನಲ್ಲಿ ಐದು ಊರು ಕೊಡು. ಕದ್ದು ಒಳ್ಳೆಯವನಾದವನಿಗೆ ಎಲ್ಲರೆದುರು ಒಳ್ಳೆಯವನಾಗಲು ನಾಚಿಕೆಯೇ?"

ಸಭೆ ಎದ್ದು ನಿಂತಿತು. ನಾನು ಭಾಗವತರ ಮುಖ ನೋಡಿದೆ. ಭಾಗವತರು ಈ ಸಲ ನನ್ನ ಮರ್ಯಾದೆ ಉಳಿಸಲು ಪದ ಎತ್ತಲಿಲ್ಲ, ಆರಾಮವಾಗಿ ಎಲೆಯಡಿಕೆ ಹಾಕಿಕೊಂಡರು.

ಭಟ್ಟರು ಈಗ ಮೊದಲಿಗಿಂತ ಜೋರಾಗಿ ಕೃಷ್ಣ ಹೇಳುತ್ತಿದ್ದಾರೆ. ನಾನು ದೂತನಾಗಿ ಮರಳಿದ್ದೇನೆ. ಆದರೂ ಟ್ರೈನಿನಲ್ಲಿ ನಿಂತಾಗ ಅವರ ಮಾತಿಗೆ ಕೌರವ ಏನು ಹೇಳಬಹುದಿತ್ತು ಎಂದು ಯೋಚಿಸುತ್ತೇನೆ. ಏನೂ ಹೊಳೆಯುವುದಿಲ್ಲ. ಕಾದಂಬರಿಯಲ್ಲಿ ಉತ್ತರ ಇದೆಯೋ ನೋಡೋಣವೆಂದರೆ ಅದನ್ನು ಭಟ್ಟರು ಇನ್ನೂ ಕೊಟ್ಟಿಲ್ಲ, ಎರಡನೇ ಸಲ ಓದುತ್ತಿದ್ದಾರಂತೆ. ಅದರಿಂದ ಒಂದು ಗೊತ್ತಾಯಿತು, ಡೊಂಬಿವಲಿಯಲ್ಲಿ ನಾನು ಗೆದ್ದದ್ದು ಬೇರೆಯವರ ಮಾತಿನಿಂದ. ಥಾಣೆಯಲ್ಲಿ ಸೋತದ್ದು ಮಾತ್ರ ಪೂರ್ತಿ ನನ್ನ ಸ್ವಂತದ್ದು.

ಓದಿದ್ದನ್ನು ತನ್ನದೆಂದೋ ದೇವರದ್ದೆಂದೋ ಹೇಳಿ ಸಿಕ್ಕಿಬಿದ್ದವರು ನಿಮ್ಮಲ್ಲಿಯೂ ಇರಬಹುದು. ಇದ್ದರೆ ದಯವಿಟ್ಟು ಬರೆಯಿರಿ. ನಾನೊಬ್ಬನೇ ಅಲ್ಲ ಎಂದು ಲೀಲಾಳಿಗೆ ತೋರಿಸಬೇಕಾಗಿದೆ.